ಕೋಟು ತೊಟ್ಟ ಪೆಟ್ಟಿಗೆ

ನವೆಂಬರಿನ ಸಂತ ಮಾರ್ಟಿನನ ಹಬ್ಬ ಕಳೆದು ಹೊಸ ದ್ರಾಕ್ಷಾರಸ ಪೀಪಾಯಿಯಲ್ಲಿ ತಣ್ಣಗೆ ಕೂತ ಮೇಲೆ ನಮ್ಮ ಕಣಿವೆಯೂರು ಮೆಗ್ಲೆನಿ ದೋಲ್‌ನಲ್ಲಿ ಸೂರ್ಯನಿಗೆ ಹೆಚ್ಚು ಕೆಲಸವಿರುವುದಿಲ್ಲ. ಗುಡ್ಡದ ನೆತ್ತಿಯ ಮೇಲೆ ಅವನು ಬಂದು ಹೋಗುವುದು ಆಚೆಯ ಊರಿನವರಿಗೆ ಕಾಣುತ್ತದಂತೆ. ನಮಗೆ ಉಳಿಯುವುದು ಮಂಜು. ಕಣಿವೆಯೆಂಬ ಪಾತ್ರೆಗೆ ಯಾರೋ ಮುಚ್ಚಳ ಮುಚ್ಚಿ ಮೇಲೊಂದು ಕಲ್ಲು ಹೇರಿದ ಹಾಗೆ. ಒಳಗಿನದು ಹೊರಗೆ ಹೋಗದು, ಹೊರಗಿನದು ಒಳಗೆ ಬರದು.

ಆ ಬೆಳಿಗ್ಗೆ ಗುಸ್ತೆಲ್ ಊರ ಬಾಯ್ಲರಿಗೆ ಚಕ್ಕೆ ತುಂಬುತ್ತಿದ್ದ. ಶಾಲೆ, ಪಾದ್ರಿಗಳ ಮನೆ, ಅಂಗಡಿ, ರಸ್ತೆಯುದ್ದಕ್ಕೂ ಇರುವ ಮನೆಗಳು ಎಲ್ಲವೂ ಬೆಚ್ಚಗಾಗುವುದು ಈ ಒಂದೇ ಬಾಯ್ಲರಿನಿಂದ. ಮರ ಕೊಯ್ಯುವ ಕಾರ್ಖಾನೆ ಮುಚ್ಚಿದ ಮೇಲೆ ಗುಸ್ತೆಲ್‌ಗೆ ಸಿಕ್ಕ ಕೆಲಸ ಇದು. ಕೆಲಸದ ಜೊತೆಗೆ ಹಿತ್ತಾಳೆ ಬಿಲ್ಲೆಯ ಒಂದು ಟೋಪಿಯೂ ಸಿಕ್ಕಿತ್ತು. ಬಾಯ್ಲರ್ ಮನೆಯಲ್ಲಿ ಸೆಖೆಯೆಂದು ಅಲ್ಲಿ ಅದನ್ನು ತೆಗೆದಿಡುತ್ತಿದ್ದ. ಉಳಿದ ಎಲ್ಲ ಕಡೆ, ಇಗರ್ಜಿಯಲ್ಲೂ, ತಲೆಯ ಮೇಲಿರುತ್ತಿತ್ತು. ಪಾದ್ರಿಗಳು ಕಣ್ಣು ಬಿಟ್ಟರೆ ಮಾತ್ರ ಮೊಣಕಾಲ ಮೇಲೆ ಇಳಿಯುತ್ತಿತ್ತು.

ಚಕ್ಕೆಯೆಂದರೆ ತೊಗಟೆಹುಳು ತಿಂದು ಸತ್ತ ಸ್ಪ್ರೂಸ್ ಮರದ ಚೂರು. ಬಯಲಿನಲ್ಲಿ ರಾಶಿ ಬಿದ್ದಿತ್ತು. ಮೇಲೊಂದು ಮಾಡು ಹಾಕಿಸುತ್ತೇನೆಂದು ಊರ ಅಧ್ಯಕ್ಷ ಇಗ್ನಾತ್ಸ್ ಪ್ರತಿ ಚುನಾವಣೆಯಲ್ಲೂ ಹೇಳಿದ್ದರು. ಚುನಾವಣೆ ಗೆದ್ದರು, ಚಕ್ಕೆ ನೆನೆಯಿತು. ನೆನೆದದ್ದನ್ನು ಒಲೆಗೆ ಹಾಕಿದರೆ ಬೆಂಕಿ ಮೊದಲು ಅಳುತ್ತದೆ, ಆಮೇಲೆ ಉರಿಯುತ್ತದೆ. ಆ ಅಳುವೆಲ್ಲ ದಪ್ಪ ಬಿಳಿ ಹೊಗೆಯಾಗಿ ಚಿಮಣಿಯ ಬಾಯಿಗೆ ಬಂದು, ಮೇಲೆ ನೋಡಿ, ದಾರಿ ಕಾಣದೆ, ಗೋಡೆ ಹಿಡಿದುಕೊಂಡು ಕೆಳಗಿಳಿಯುತ್ತಿತ್ತು. ಕೆಳಗಿದ್ದದ್ದು ಮಾತೆವ್ಜ್ ಮುದುಕನ ಮನೆ.

ಮಾತೆವ್ಜ್ ಕಿಟಕಿ ತೆರೆದ. ಹೊಗೆ ಒಳಗೆ ಬಂದರೂ ಚಿಂತೆಯಿಲ್ಲ, ಮಾತು ಹೊರಗೆ ಹೋಗಬೇಕು ಎನ್ನುವ ಜಾತಿಯವನು.

"ಏನೋ ಗುಸ್ತೆಲಾ, ಹೊಸ ಪೋಪರು ಆರಿಸಿ ಬಂದ್ರೇನೋ? ಬಿಳೀ ಹೊಗೆ ಬಿಡ್ತಾ ಇದೀಯ!"

"ಬಿಳೀದು ಅಂದ್ರೆ ಶುದ್ಧ ಅಂತ ಅರ್ಥ, ಮಾತೆವ್ಜಣ್ಣ. ಕಲ್ಲಿದ್ದಲಿನ ಹೊಗೆ ಕರೀದು. ಇದು ಮರದ್ದು. ದೇವರು ಕೊಟ್ಟಿದ್ದು."

"ವಿಷದ ಅಣಬೇನೂ ದೇವರೇ ಕೊಟ್ಟಿದ್ದು ಕಣೋ. ನೀನು ಹುರ್ಕೊಂಡು ತಿಂತೀಯಾ?" ಎಂದು ಮುದುಕ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ಅವನನ್ನು ಕಿಟಕಿಯ ಕಟ್ಟೆಯ ಮೇಲೆ ಬಗ್ಗಿಸಿ, ಬಟ್ಟೆ ಹಿಂಡಿದ ಹಾಗೆ ಹಿಂಡಿ ಬಿಟ್ಟಿತು. ಉಸಿರು ಸಿಕ್ಕ ಮೇಲೆ ಮೊದಲು ಬಂದ ಮಾತು ಎಂದಿನದೇ. "ಅದಿರಲಿ, ನನ್ನ ಹಿಂಡು ಯಾವಾಗ?"

ಇದಕ್ಕೆ ಗುಸ್ತೆಲ್ ಬಾಯ್ಲರಿನೊಳಗೆ ತಲೆ ಹಾಕಿ ಏನೋ ನೋಡುವವನಂತೆ ಮಾಡಿದ.

ನಮ್ಮಲ್ಲಿ ಜೇನುಹುಳವನ್ನು ದುಡ್ಡಿಗೆ ಕೊಡುವ ಪದ್ಧತಿಯಿಲ್ಲ. ಕೊಂಡ ಹುಳ ಏಳಿಗೆಯಾಗದು. ಮೇ ತಿಂಗಳಲ್ಲಿ ಗೂಡು ಎರಡಾಗಿ ಪಾಲಾದಾಗ ಹೊರಬಿದ್ದ ಒಂದು ಹಿಂಡು ಕೊಟ್ಟರೆ, ಪಡೆದವನು ತನ್ನಲ್ಲಿ ಪಾಲಾದಾಗ ಒಂದು ಹಿಂಡು ತಿರುಗಿಸಬೇಕು. ಸಾಲ ಕೊಟ್ಟವನು ಅದನ್ನು ಇಳಿಸಿಕೊಂಡು "ಬೋಗ್ ಲೊನಾಯ್", ಅಂದರೆ ದೇವರು ತೀರಿಸಲಿ, ಎನ್ನಬೇಕು. ಆ ಮಾತು ಬಾಯಿಂದ ಬೀಳುವವರೆಗೆ ಲೆಕ್ಕ ಮುಗಿಯುವುದಿಲ್ಲ. ಒಂದು ಕೆಟ್ಟ ಚಳಿಗಾಲದಲ್ಲಿ ಗುಸ್ತೆಲ್‌ನ ಹುಳವೆಲ್ಲ ಸತ್ತಾಗ ಮಾತೆವ್ಜ್ ಕೊಟ್ಟ ಹಿಂಡಿನಿಂದಲೇ ಇವನ ಜೇನುಮನೆ ಮತ್ತೆ ತುಂಬಿತ್ತು. ತಿರುಗಿಸುವ ವಿಷಯಕ್ಕೆ ಬಂದರೆ, ಒಂದು ಮೇ ತಿಂಗಳಲ್ಲಿ ಮಳೆ, ಇನ್ನೊಂದರಲ್ಲಿ ಹಿಂಡು ಹೋಗಿ ಪಾದ್ರಿಗಳ ಲಿಂಡನ್ ಮರದ ತುದಿಗೆ ಕೂತಿತು, ಮತ್ತೊಂದರಲ್ಲಿ ಅತ್ತೆ ಸತ್ತರು. ಆ ಅತ್ತೆ ಈಗಲೂ ಗಟ್ಟಿಮುಟ್ಟಾಗಿದ್ದಾರೆಂಬುದು ಬೇರೆ ಮಾತು.

ಮಾತೆವ್ಜ್‌ಗೆ ಹಿಂಡಿಗಿಂತ ಉಸಿರಿನ ಚಿಂತೆ ದೊಡ್ಡದಿತ್ತು. ಚಿಮಣಿಗೆ ಒಂದು ಹೊಗೆ ಜರಡಿ ಹಾಕಿಸಿ ಎಂದು ಅವನು ಪಟ್ಟಣದ ಕಚೇರಿಗೆ ಅರ್ಜಿ ಕಳಿಸಿದ್ದ. ಮಗಳು ಯೆರಾ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದುದರಿಂದ ಅರ್ಜಿ ಕಳೆದುಹೋಗುವ ಸಂಭವವಿರಲಿಲ್ಲ. ಉತ್ತರವೂ ಬಂತು: ಈ ಚಳಿಗಾಲ ಹೊಗೆ ಅಳೆಯುತ್ತೇವೆ, ಮಿತಿ ಮೀರಿದ್ದರೆ ಜರಡಿ ಹಾಕಿಸುತ್ತೇವೆ, ಇಲ್ಲದಿದ್ದರೆ ಇಲ್ಲ. "ಇನ್ನೊಂದು ಚಳಿಗಾಲ ಈ ಹೊಗೇಲಿ ತಳ್ಳೋಕೆ ಅಪ್ಪನ ಕೈಲಿ ಆಗಲ್ಲ. ಜರಡಿ ಬರ್ಲೇಬೇಕು" ಎಂದು ಯೆರಾ ಅಂಗಡಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು.

ಹೊಗೆ ಅಳೆಯುವವರು ಬರುತ್ತಾರೆಂದು ಊರಿಗೆಲ್ಲ ಗೊತ್ತಾಯಿತು. ಗುಸ್ತೆಲ್ ಬಾಯ್ಲರ್ ಮನೆಯ ನೆಲ ತೊಳೆದ. ದಿನವೂ ಒಗೆದ ಅಂಗಿ ತೊಟ್ಟ. ಉದ್ದನೆಯ ಅಳತೆಕೋಲು ಹಿಡಿದ ದೊಡ್ಡ ಮನುಷ್ಯರು ಏಣಿ ಹಾಕಿ ಚಿಮಣಿ ಹತ್ತುತ್ತಾರೆ, ಇಳಿದು ಬಂದು ತನ್ನ ಕೈಕುಲುಕುತ್ತಾರೆ ಎಂದು ಅವನ ಎಣಿಕೆ.

ಅವರು ಬಂದ ದಿನ ಗುಸ್ತೆಲ್ ಚಕ್ಕೆ ತರಲು ಕಾಡಿಗೆ ಹೋಗಿದ್ದ. ಬಂದದ್ದು ಪೊಲೊನಾ ಎಂಬ ಎಂಜಿನಿಯರಮ್ಮ ಮತ್ತು ಒಬ್ಬ ಚಾಲಕ. ತಂದದ್ದು ಕಾಲುಗಳ ಮೇಲೆ ನಿಲ್ಲುವ ಒಂದು ಬಿಳಿ ಪೆಟ್ಟಿಗೆ. ಶಾಲೆಯ ಹಿಂದೆ, ಚಿಮಣಿಯ ಹೊಗೆ ಬಂದು ಬೀಳುವ ಹುಲ್ಲುಗಾವಲು ಸರಿಯಾದ ಜಾಗವೆಂದು ಕಂಡಿತು. ಅದು ಗುಸ್ತೆಲ್‌ನ ಹಿತ್ತಲು. ಅವನ ಜೇನುಮನೆಯ ಪಕ್ಕ. ಅವನ ಹೆಂಡತಿ ಯುಸ್ತಿನಾ ಆಗ ಹಂದಿ ಕಡಿದ ಮಾಂಸಕ್ಕೆ ಮಸಾಲೆ ಬೆರೆಸುತ್ತಿದ್ದಳು. ಹಲ್ಲುನೋವೆಂದು ಕಿವಿ ಕೆನ್ನೆ ಸೇರಿಸಿ ಉಣ್ಣೆಬಟ್ಟೆ ಬಿಗಿದಿದ್ದಳು. ಎಂಜಿನಿಯರಮ್ಮ ಹೇಳಿದ್ದು ಇಷ್ಟು: ಈ ಪೆಟ್ಟಿಗೆ ಚಳಿಗಾಲವೆಲ್ಲ ಗಾಳಿಯ ದೆಲ್ಚಿ ಎಣಿಸುತ್ತದೆ, ಲೆಕ್ಕವನ್ನು ತಾನೇ ಪಟ್ಟಣಕ್ಕೆ ಕಳಿಸುತ್ತದೆ, ಯಾರೂ ಮುಟ್ಟಬಾರದು.

ನಮ್ಮ ಮಾತಿನಲ್ಲಿ ದೆಲ್ಚಿ ಎಂದರೆ ಕಣಗಳು. ದೆಲಾವ್ಕೆ ಎಂದರೆ ಗೂಡಿನ ಕೆಲಸದ ಹುಳಗಳು. ಉಣ್ಣೆಬಟ್ಟೆಯ ಒಳಗಿದ್ದ ಕಿವಿಗೆ ಎರಡೂ ಒಂದೇ.

"ಸರ್ಕಾರದೋರು ಒಂದು ಗೂಡು ಇಟ್ಟು ಹೋಗಿದಾರೆ" ಎಂದಳು ಯುಸ್ತಿನಾ ಸಂಜೆ. "ಚಳಿಗಾಲವೆಲ್ಲ ದೆಲಾವ್ಕೆ ಎಣಿಸ್ತಾರಂತೆ. ಮುಟ್ಟಬಾರದಂತೆ."

"ನಮ್ಮ ಹಿತ್ತಲೇ ಯಾಕಂತೆ?"

"ನಂಗೇನು ಗೊತ್ತು? ಹಲ್ಲು ನೋಯ್ತಿದೆ, ಊಟ ಮಾಡಿ."

ಯಾಕೆಂದು ಗುಸ್ತೆಲ್‌ಗೆ ಗೊತ್ತಾಗಿಹೋಗಿತ್ತು. ಕಣಿವೆಯಲ್ಲಿ ಜೇನು ಬಲ್ಲವರು ಯಾರೆಂದು ಪಟ್ಟಣದಲ್ಲಿ ವಿಚಾರಿಸಿರುತ್ತಾರೆ. ಅವನು ಟೋಪಿ ಹಾಕಿಕೊಂಡು ಲಾಂದ್ರ ಹಿಡಿದು ಹಿತ್ತಲಿಗೆ ಹೋದ. ಬಿಳಿ ಪೆಟ್ಟಿಗೆ ಮಂಜಿನಲ್ಲಿ ನಿಂತಿತ್ತು. ತಗಡಿನ ಸೂರಿನ ಕೆಳಗೆ ಹುಳ ಹೋಗಿಬರುವಷ್ಟೇ ಸಣ್ಣ ಸೀಳು. ಕಿವಿ ಇಟ್ಟ. ಒಳಗೆ ಗುಂಯ್ ಎನ್ನುತ್ತಿತ್ತು.

ಅವನ ಮುಖ ಸಪ್ಪಗಾಯಿತು. ಜೇನು ಸಾಕಿದವರಿಗೆ ಗೊತ್ತು: ಚಳಿಯಲ್ಲಿ ಸುಖವಾಗಿರುವ ಗೂಡು ಪಿಸುಗುಡುತ್ತದೆ. ಹೀಗೆ ಗಟ್ಟಿಯಾಗಿ, ಬಿಡದೆ ಮೊರೆಯುತ್ತಿದ್ದರೆ ರಾಣಿ ಸತ್ತಿರಬೇಕು, ಇಲ್ಲವೇ ಹುಳ ಚಳಿಗೆ ನಡುಗುತ್ತಿರಬೇಕು.

"ಯುಸ್ತಿನಾ, ಅದೇನು ತಗಡಿನ ಪೆಟ್ಟಿಗೆ! ಒಂದು ಎಳೆ ಹುಲ್ಲಿಲ್ಲ! ಹೀಗಿದ್ರೆ ಕ್ರಿಸ್‌ಮಸ್ಸಿಗೆ ಒಂದೂ ಉಳಿಯಲ್ಲ."

"ಮುಟ್ಟಬೇಡಿ ಅಂದಿದಾರೆ."

"ಪಟ್ಟಣದೋರು ಮುಟ್ಟದೇ ಸಾಯಿಸ್ತಾರೆ. ನಾನು ಮುಟ್ಟಿ ಬದುಕಿಸ್ತೀನಿ."

ಮುಚ್ಚಳಕ್ಕೆ ಬೀಗವಿತ್ತು, ಒಳಗೆ ಕೈಯಾಡಿಸಲಾಗಲಿಲ್ಲ. ಹೊರಗಿನಿಂದ ಆಗುವುದನ್ನೆಲ್ಲ ಮಾಡಿದ. ಪೆಟ್ಟಿಗೆಯ ಸುತ್ತ ರೈ ಹುಲ್ಲಿನ ಚಾಪೆ ಸುತ್ತಿದ. ಇಲಿ ನುಗ್ಗದಂತೆ ಸೀಳಿಗೆ ಅಡ್ಡಲಾಗಿ ಜೇನುಗೂಡಿನ ಮುಂಬದಿಗೆ ಹಾಕುವ ಚಿತ್ರದ ಹಲಗೆಯೊಂದನ್ನು ಕಟ್ಟಿದ. ಉರಿಯುವ ಮನೆಯ ಮೇಲೆ ಸಂತ ಫ್ಲೋರಿಯಾನ ನೀರು ಸುರಿಯುವ ಚಿತ್ರದ್ದು. ಹಸಿವಾದಾಗ ಇರಲೆಂದು ಸೀಳಿನ ಅಂಚಿಗೆ ಜೇನು ಸವರಿದ. ಎಲ್ಲದರ ಮೇಲೆ, ಯೂಗೊಸ್ಲಾವಿಯದ ಸೈನ್ಯದಲ್ಲಿದ್ದಾಗಿನ ತನ್ನ ದಪ್ಪ ಉಣ್ಣೆಯ ಕೋಟು ತೊಡಿಸಿ ಕತ್ತಿನವರೆಗೆ ಗುಂಡಿ ಹಾಕಿದ. ಮರುದಿನ ಕಿವಿ ಇಟ್ಟರೆ ಮೊರೆತ ತಗ್ಗಿತ್ತು.

"ನೋಡು, ಸಮಾಧಾನ ಆಯ್ತು ಅವಕ್ಕೆ" ಎಂದ.

ಊರ ಚಿಮಣಿಗೆ ಬೇಕಾಗಿದ್ದ ಜರಡಿಯನ್ನು ಗುಸ್ತೆಲ್ ಹೀಗೆ ಪೆಟ್ಟಿಗೆಗೆ ಹಾಕಿ ಮುಗಿಸಿದ.

ಹೊಗೆ ಮಂಜಿನ ನಡುವೆ ಕೋಟು ತೊಟ್ಟು ನಿಂತ ಆ ಆಕಾರವನ್ನು ಊರು ಗುಸ್ತೆಲ್ ಎಂದೇ ತಿಳಿಯಿತು. ಶಾಲೆಗೆ ಹೋಗುವ ಮಕ್ಕಳು ಅದಕ್ಕೆ ನಮಸ್ಕಾರ ಹೇಳಿದರು. ಯುಸ್ತಿನಾಳ ಅಮ್ಮ, ಸತ್ತರೆಂದು ಹೇಳಲಾದವರು, ಅಳಿಯ ಮಾತಾಡಿಸಲಿಲ್ಲವೆಂದು ಒಂದು ವಾರ ಮುನಿಸಿಕೊಂಡರು. ಅಧ್ಯಕ್ಷ ಇಗ್ನಾತ್ಸ್ ಒಂದು ಸಂಜೆ ರಸ್ತೆಯಿಂದಲೇ ಅದನ್ನು ಬೈದರು.

"ಗುಸ್ತೆಲ್! ಶಾಲೆ ಕೊಳವೆ ತಣ್ಣಗಿದೆ, ನೀನಿಲ್ಲಿ ಕಂಬ ನಿಂತ ಹಾಗೆ ನಿಂತಿದೀಯಲ್ಲ! ಹೋಗಿ ಚಕ್ಕೆ ಹಾಕಯ್ಯ! ... ಏನು, ಅಧ್ಯಕ್ಷರು ಮಾತಾಡಿದ್ರೆ ಟೋಪೀನೂ ತೆಗೆಯಲ್ವಾ?"

ಅದಕ್ಕೆ ಟೋಪಿ ಇರಲಿಲ್ಲ. ಮೌನ ಮಾತ್ರ ಇತ್ತು. ಅಧ್ಯಕ್ಷರಿಗೆ ಆ ಮೌನದಲ್ಲಿ ಸೊಕ್ಕು ಕಂಡಿತು. ಮಾತೆವ್ಜ್‌ಗೆ ಕಿಟಕಿಯಿಂದ ಬೇರೆ ಕಂಡಿತು. "ಪಾಪ, ಹಿಂಡು ಕೊಡಕ್ಕಾಗಲಿಲ್ಲ ಅಂತ ನನ್ನ ಕಡೆ ನೋಡ್ಕೊಂಡು ನಿಂತಿದಾನೆ" ಎಂದು ಮಗಳಿಗೆ ಹೇಳಿದ. "ಬಿಡು ಮಗಾ, ಅಷ್ಟೊಂದು ನೊಂದ್ಕೋಬೇಡ ಅಂತ ಹೇಳು ಅವನಿಗೆ."

ಯೆರಾ ಹೇಳಿದಳು. ಗುಸ್ತೆಲ್‌ಗೆ ತಲೆಬುಡ ತಿಳಿಯಲಿಲ್ಲ. ಆದರೂ "ಹೂಂ" ಎಂದ. ಸಾಲಗಾರನಿಗೆ ಒದಗಿದ ಒಳ್ಳೆಯ ಮಾತನ್ನು ಪ್ರಶ್ನಿಸುವುದು ಜಾಣತನವಲ್ಲ.

ಜನವರಿಯ ಮೂರು ರಾಜರ ಹಬ್ಬ ಕಳೆದ ಭಾನುವಾರ, ಅಗ್ನಿಶಾಮಕ ದಳದ ಕೋಣೆಯಲ್ಲಿ ಅಧ್ಯಕ್ಷರು ಸಭೆ ಕರೆದರು. ಮೇಜಿನ ಮೇಲೆ ವಾಲ್‌ನಟ್ ಸುರುಳಿ ರೊಟ್ಟಿ, ಪಿಯರ್ ಹಣ್ಣಿನ ಸಾರಾಯಿ. ಜನ ಒಳಗೆ ಬಂದ ಹಾಗೆಲ್ಲ ಬಾಗಿಲಿನಿಂದ ಹೊಗೆಯೂ ಬಂದು ಹಿಂದಿನ ಬೆಂಚಿನಲ್ಲಿ ಕೂತಿತು.

"ಬಂಧುಗಳೇ," ಎಂದರು ಅಧ್ಯಕ್ಷರು, "ಇಲ್ಲೀವರೆಗಿನ ಅಳತೆ ಬಂದಿದೆ. ನಮ್ಮ ಗಾಳಿ, ಮಿತಿ ಮೀರೋ ಮಾತಿರಲಿ, ಹಿಮಬೆಟ್ಟದ ತುದಿಯ ಗಾಳಿಗಿಂತ ಶುದ್ಧ! ದೇಶದಲ್ಲೇ ನಾವು ಮೊದಲು!"

ಹಿಂದಿನ ಬೆಂಚಿನವರು ಕೆಮ್ಮಿದರು. ಆಮೇಲೆ ಚಪ್ಪಾಳೆ ಬಿತ್ತು.

"ಎಲ್ಲಿಟ್ಟು ಅಳೆದ್ರು?" ಯೆರಾ ಎದ್ದು ಕೇಳಿದಳು.

"ಅದೆಲ್ಲ ತಾಂತ್ರಿಕ ವಿಷಯ ಕಣಮ್ಮ. ಲೆಕ್ಕ ಅಂದ್ರೆ ಲೆಕ್ಕ."

ಮಗಳ ತೋಳು ಹಿಡಿದು ಬಂದಿದ್ದ ಮಾತೆವ್ಜ್ ಮೆಲ್ಲಗೆ ಎದ್ದ. "ಹಾಗಾದ್ರೆ ಇಗ್ನಾತ್ಸ್, ನಾನು ಬೆಳಗಾಗೆದ್ದು ಉಗುಳೋ ಕರೀದೇನಪ್ಪ? ಅದೂ ಹಿಮಬೆಟ್ಟದ್ದೇನು?"

ಜನ ನಕ್ಕರು. "ನೀವು ವಯಸ್ಸಲ್ಲಿ ಎಳೆದ ಪೈಪಿನದು ಅದು!" ಎಂದರು ಅಧ್ಯಕ್ಷರು. ಮುದುಕ ಜನ್ಮದಲ್ಲಿ ಪೈಪು ಮುಟ್ಟಿದವನಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಸಾರಾಯಿ ಮುಂದಿದ್ದುದರಿಂದ ಯಾರೂ ಎತ್ತಿ ಆಡಲಿಲ್ಲ. "ಇನ್ನು ಈ ಜರಡಿ ಗಿರಡಿ ಮಾತು ಮುಗೀತು. ಶುದ್ಧ ಗಾಳಿಯ ಊರು ಅಂತ ಊರಬಾಗಿಲಲ್ಲಿ ಹಲಗೆ ಹಾಕಿಸ್ತೀನಿ. ಇದಕ್ಕೆಲ್ಲ ಕಾರಣ ಯಾರು? ನಮ್ಮ ಗುಸ್ತೆಲ್!"

ಗುಸ್ತೆಲ್‌ನನ್ನು ಮುಂದೆ ಕರೆದು ಒಂದು ಬುಟ್ಟಿ ಸಾಸೇಜು ಕೊಟ್ಟರು. ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಯಾವಾಗ ಬಂದು ಅಳೆದ್ರೋ ನಂಗೇ ಗೊತ್ತಾಗ್ಲಿಲ್ಲ" ಎಂದ. "ಒಳ್ಳೇ ಕೆಲಸ ಮಾಡೋರು ಹಾಗೇ, ಸದ್ದು ಮಾಡಲ್ಲ."

ಕೆಳಗಿಳಿದಾಗ ಮಾತೆವ್ಜ್ ಅವನ ಕೈ ಹಿಡಿದ. "ನಾನು ಸುಮ್ನೆ ನಿನ್ನ ಬೆಂಕೀನ ಬೈದೆ ಕಣೋ. ಕೆಟ್ಟಿರೋದು ನಾನೇ ಅಂತ ಆಯ್ತು."

"ಹಾಗೇನಿಲ್ಲ ಮಾತೆವ್ಜಣ್ಣ" ಎಂದು ಗುಸ್ತೆಲ್ ಎರಡು ಸಾಸೇಜು ತೆಗೆದುಕೊಟ್ಟ.

ಹಲಗೆ ಬಂತು. ಹಸಿರು ಬಣ್ಣ, ದೊಡ್ಡ ಅಕ್ಷರ. ಪತ್ರಿಕೆಯಲ್ಲಿ ಓದಿ ಪಟ್ಟಣದಿಂದ ಶುದ್ಧ ಗಾಳಿಗೆಂದು ಬಂದ ಗಂಡ ಹೆಂಡತಿ ಹೊಗೆಯಲ್ಲಿ ಆ ಹಲಗೆ ಕಾಣದೆ ಮುಂದಿನ ಊರಿಗೆ ಹೋಗಿಬಿಟ್ಟರು. ಬಾಯ್ಲರಿಗೆ ಇನ್ನು ಎಷ್ಟು ಹಸಿ ಚಕ್ಕೆ ಹಾಕಿದರೂ ಅಡ್ಡಿಯಿಲ್ಲವೆಂದಾಯಿತು. ಮಂಜು ಒದ್ದೆಯಾದಷ್ಟೂ ಗುಸ್ತೆಲ್ ಹಾಕಿದ.

ಫೆಬ್ರವರಿಯ ಮೇಣದಬತ್ತಿ ಹಬ್ಬದ ಹೊತ್ತಿಗೆ ಮಾತೆವ್ಜ್‌ಗೆ ಹಾಸಿಗೆಯಲ್ಲಿ ಒರಗಿ ಮಲಗಲೂ ಆಗದೆ ಹೋಯಿತು. ಯೆರಾ ಪಟ್ಟಣದ ಆಸ್ಪತ್ರೆಗೆ ಸೇರಿಸಿದಳು. ಅಲ್ಲಿ ಕೆಲವು ದಿನಕ್ಕೆ ಮುದುಕನ ತುಟಿಗೆ ಬಣ್ಣ ಬಂತು, ನರ್ಸುಗಳಿಗೆ ಪೋಪರ ಹಾಸ್ಯ ಹೇಳುವಷ್ಟಾದ. ಒಳ್ಳೆಯ ಮನಸ್ಸಿನ ಎಳೆಯ ವೈದ್ಯರೊಬ್ಬರು ಬಂದು ಮಂಚದ ಪಕ್ಕ ಕೂತರು.

"ಯಾವೂರು ಅಜ್ಜ ನಿಮ್ಮದು?"

"ಮೆಗ್ಲೆನಿ ದೋಲ್."

"ಮೆಗ್ಲೆನಿ ದೋಲಾ! ಪತ್ರಿಕೇಲಿ ಓದಿದೀನಿ! ದೇಶದಲ್ಲೇ ಒಳ್ಳೇ ಗಾಳಿ ನಿಮ್ಮೂರದು. ಮತ್ತೆ ಈ ಪಟ್ಟಣದ ಧೂಳಲ್ಲಿ ಯಾಕೆ ಬಿದ್ದಿದೀರಿ? ನಾಳೇನೇ ಕಳಿಸಿಕೊಡ್ತೀನಿ. ಕಿಟಕಿ ತೆಗೆದಿಟ್ಕೊಂಡು ಮಲಗಿ. ನಿಮ್ಮೂರ ಗಾಳಿಗಿಂತ ದೊಡ್ಡ ಔಷಧಿ ನನ್ನ ಹತ್ರ ಇಲ್ಲ."

ಯೆರಾ ವಾದಿಸಿದಳು. ವೈದ್ಯರು ಪತ್ರಿಕೆ ತಂದು ತೋರಿಸಿದರು. ಅಚ್ಚಾದ ಲೆಕ್ಕದ ಮುಂದೆ ಅಂಚೆ ಕಚೇರಿಯ ಹೆಣ್ಣುಮಗಳ ಮಾತು ಎಷ್ಟರದು? ಮುದುಕನನ್ನು ಶುದ್ಧ ಗಾಳಿಗೆ ಕಳಿಸಿಕೊಟ್ಟರು. ವೈದ್ಯರು ಹೇಳಿದ್ದಾರೆಂದು ಅವನು ಕಿಟಕಿ ಮುಚ್ಚಗೊಡಲಿಲ್ಲ. ಆ ವಾರ ಚಳಿ ಬಿಗಿಯಾಗಿತ್ತು. ಊರೆಲ್ಲ ಬೆಚ್ಚಗಿರಲೆಂದು ಗುಸ್ತೆಲ್ ಬಾಯ್ಲರನ್ನು ಬಾಯಿ ತುಂಬ ತುಂಬಿದ. ವಾರ ಮುಗಿಯುವುದರೊಳಗೆ, ಒಂದು ಬೆಳಿಗ್ಗೆ ಕುಟ್ಟು ಧಾನ್ಯದ ಹಿಟ್ಟಿನ ಮುದ್ದೆ ಹಾಲಿನಲ್ಲಿ ಕಲಸಿ ಯೆರಾ ಒಳಗೆ ಹೋದಾಗ, ಮಾತೆವ್ಜ್ ಕಿಟಕಿಯ ಕಡೆ ಮುಖ ಮಾಡಿ ಕೂತಲ್ಲೇ ಮುಗಿದಿದ್ದ.

ಅವಳು ಗುಸ್ತೆಲ್‌ನ ಬಾಗಿಲಿಗೆ ಬಂದಳು. ಅಳು ಇನ್ನೂ ಬಂದಿರಲಿಲ್ಲ.

"ಗುಸ್ತೆಲ್ ಮಾವ, ಅಪ್ಪ ಹೋದ್ರು. ಹುಳಕ್ಕೆ ಹೇಳೋರು ಯಾರೂ ಇಲ್ಲ. ನೀವು ಬರ್ತೀರಾ?"

ಯಜಮಾನ ಸತ್ತರೆ ಅವನ ಹುಳಕ್ಕೆ ಹೇಳಬೇಕು. ಹೇಳದಿದ್ದರೆ ಅವೂ ಸಾಯುತ್ತವೆ, ಇಲ್ಲವೇ ಬಿಟ್ಟು ಹೋಗುತ್ತವೆ. ಚಳಿಗಾಲದಲ್ಲಿ ಗೂಡು ತಟ್ಟುವುದು ಮಹಾಪಾಪ, ನಿದ್ದೆಗೆಟ್ಟ ಹುಳ ಬದುಕದು. ಸಾವಿನ ಸುದ್ದಿಗೆ ಮಾತ್ರ ವಿನಾಯಿತಿ. ಗುಸ್ತೆಲ್ ಟೋಪಿ ಕಂಕುಳಲ್ಲಿಟ್ಟು ಮಾತೆವ್ಜ್‌ನ ಒಂದೊಂದು ಗೂಡಿನ ಮುಂದೆಯೂ ಬಗ್ಗಿ, ಬೆರಳ ಗೆಣ್ಣಿನಿಂದ ತಟ್ಟಿ, "ನಿಮ್ಮ ಯಜಮಾನರು ತೀರಿಕೊಂಡರು" ಎಂದ. ತಟ್ಟಿದಾಗ ಒಳಗಿನ ಪಿಸುಮಾತು ಹುಯ್ಯೆಂದು ಎದ್ದಿತು, ಮೆಲ್ಲಗೆ ತಗ್ಗಿತು. ಎಲ್ಲ ಗೂಡೂ ಕೇಳಿಸಿಕೊಂಡಿತು.

ತನ್ನ ಹಿತ್ತಲಿಗೆ ಬಂದು ತನ್ನ ಗೂಡುಗಳಿಗೂ ಹೇಳಿದ. ಅವೂ ಆ ಮುದುಕನ ಹಿಂಡಿನ ಮರಿಗಳೇ ತಾನೆ, ಸೂತಕ ಅವಕ್ಕೂ ಉಂಟು. ಅವೂ ಎದ್ದವು, ತಗ್ಗಿದವು. ಉಳಿದದ್ದು ಸರ್ಕಾರದ ಗೂಡು. ಪರವೂರಿನದಾದರೂ ಒಂದೇ ಗಾಳಿ ಕುಡಿದದ್ದು. ಹೇಳದೆ ಬಿಡುವುದು ಸರಿಯಲ್ಲವೆಂದು ಕೋಟಿನ ಎದೆಯ ಮೇಲೆ ತಟ್ಟಿದ.

"ಮಾತೆವ್ಜಣ್ಣ ತೀರಿಕೊಂಡರು."

ಗುಂಯ್ ಎನ್ನುತ್ತಲೇ ಇತ್ತು. ಏಳಲಿಲ್ಲ, ತಗ್ಗಲಿಲ್ಲ.

ಉಣ್ಣೆ ದಪ್ಪವೆಂದು ಗುಂಡಿ ಬಿಚ್ಚಿ, ಹುಲ್ಲು ಸರಿಸಿ, ತಗಡಿನ ಮೇಲೇ ತಟ್ಟಿದ. "ಮಾತೆವ್ಜಣ್ಣ ಹೋದ್ರು ಅಂತ ಹೇಳ್ತಿದೀನಿ! ಕೇಳಿಸ್ತಾ?"

ಅದೇ ಗುಂಯ್. ರಾಣಿಯಿಲ್ಲದ ಗೂಡೂ ತಟ್ಟಿದರೆ ಓಗೊಡುತ್ತದೆ. ಸಾಯಲು ಬಿದ್ದ ಗೂಡೂ ಒಂದು ಸಲ ನಿಟ್ಟುಸಿರು ಬಿಡುತ್ತದೆ. ಸಾವಿಗೆ ಕದಲದ ಹುಳವನ್ನು ಗುಸ್ತೆಲ್ ಕಂಡಿರಲಿಲ್ಲ. ಅವನು ಕೋಟು ಪೂರ್ತಿ ತೆಗೆದ. ಹಲಗೆ ಬಿಚ್ಚಿದ. ಚಾಪೆ ಎಳೆದು ಹಾಕಿ ಸುತ್ತಲೂ ಬಂದ. ಬೆನ್ನ ಕಡೆ, ಮೊದಲ ದಿನದ ಕತ್ತಲಲ್ಲಿ ಅವನು ಹುಲ್ಲು ಹೊದಿಸಿದ ಕಡೆ, ಅಂಗೈಯಗಲದ ಒಂದು ತಗಡಿತ್ತು, ಅದರ ಮೇಲೆ ಬರಹ: ಗಾಳಿಯ ಕಣಗಳನ್ನು ಅಳೆಯುವ ಯಂತ್ರ. ಮುಚ್ಚಬೇಡಿ.

ಅವನು ತಗಡು ಓದಿದ. ಚಿಮಣಿ ನೋಡಿದ. ಕೆಳಗೆ ತೆರೆದೇ ಇದ್ದ ಕಿಟಕಿ ನೋಡಿದ. ಆಮೇಲೆ, ಕೈಯಲ್ಲಿದ್ದ ಕೋಟನ್ನು ಏನು ಮಾಡಬೇಕೆಂದು ತಿಳಿಯದೆ, ತಾನೇ ತೊಟ್ಟುಕೊಂಡ.

ಹೆಣ ಎತ್ತುವಾಗಲೂ ಅದೇ ಕೋಟಿನಲ್ಲಿ ಮಣ್ಣಿಗೆ ಬಂದ. ಟೋಪಿ ಇರಲಿಲ್ಲ. ಹಿತ್ತಲಲ್ಲಿ ನಿಂತು ನಿಂತು ಅವನಿಗೆ ಚಳಿ ಹಿಡಿದಿದೆಯೆಂದು ಜನ ಮಾತಾಡಿಕೊಂಡರು.

ಹಿಮ ಕರಗಿ ಹೆಜಲ್ ಗಿಡದಲ್ಲಿ ಹಳದಿ ಹೂ ಜೋತಾಡುವ ಹೊತ್ತಿಗೆ ಪೊಲೊನಾ ಎಂಜಿನಿಯರಮ್ಮ ಪೆಟ್ಟಿಗೆ ಒಯ್ಯಲು ಬಂದಳು. ದೇಶದ ಮೊದಲ ಊರನ್ನು ಕಾಣಲು ಬಂದಿದ್ದಾಳೆಂದು ಅಧ್ಯಕ್ಷರು ಕತ್ತುಪಟ್ಟಿ ಕಟ್ಟಿಕೊಂಡು ಹಿತ್ತಲಿಗೆ ಬಂದರು. ಮೊತ್ತಮೊದಲ ಬಾರಿಗೆ ಅವರು ಆ ಯಂತ್ರವನ್ನು ಯಂತ್ರವೆಂದು ಕಂಡದ್ದು ಆಗಲೇ. ಅಂಚೆ ಹಂಚುತ್ತಿದ್ದ ಯೆರಾ ಬೇಲಿಯ ಹತ್ತಿರ ನಿಂತಳು.

ಎಂಜಿನಿಯರಮ್ಮ ಬೀಗ ತೆಗೆದು ಒಳಗಿನಿಂದ ಒಂದು ಕೊಳವೆ ಎಳೆದಳು. ಗಾಳಿಯ ಕಣ ಹಿಡಿಯಲೆಂದು ಒಂದೊಂದು ದಿನಕ್ಕೊಂದರಂತೆ ಇಟ್ಟ ಬಿಲ್ಲೆಯಾಕಾರದ ಕಾಗದಗಳು. ಬಿಳಿ. ಬಿಳಿ. ಹಪ್ಪಳದ ಹಾಗೆ ಬಿಳಿ. ಅಧ್ಯಕ್ಷರು ಮುಗುಳ್ನಗುತ್ತಿದ್ದರು. ಆಮೇಲೆ, ಒಂದು ಕಡೆಯಿಂದ, ಕರಿ. ಬಾಣಲೆಯ ತಳದ ಹಾಗೆ ಕರಿ. ಕೊನೆಯವರೆಗೂ ಕರಿ.

"ಲೆಕ್ಕ ಒಮ್ಮೆಲೇ ಏರಿದಾಗ ಯಂತ್ರ ಕೆಟ್ಟಿದೆ ಅಂದ್ಕೊಂಡಿದ್ವಿ. ಇದೇನು, ಫೆಬ್ರವರೀಲಿ ಇದ್ದಕ್ಕಿದ್ದ ಹಾಗೆ?" ಅವಳು ತಾರೀಖು ಓದಿದಳು.

ಅಧ್ಯಕ್ಷರು ಯೋಚಿಸಿದರು. ಅಧಿಕಾರದಲ್ಲಿ ಇರುವವರ ಯೋಚನೆ ಬೇಗ ಮುಗಿಯುತ್ತದೆ. "ಅದಾ! ಅವತ್ತು ನಮ್ಮ ಹಿರಿಯರೊಬ್ಬರು ತೀರಿಕೊಂಡ್ರು. ಊರವರು ಮೇಣದಬತ್ತಿ ಬಹಳ ಹಚ್ಚಿದ್ರು. ಬಹಳ ಬೇಕಾದವರು."

"ಮೇಣದಬತ್ತಿ ಒಂದು ತಿಂಗಳು ಉರೀತಾ?"

"ಬಹಳ ಬೇಕಾದವರು" ಎಂದರು ಅಧ್ಯಕ್ಷರು ಮತ್ತೊಮ್ಮೆ.

"ಮೇಣದಬತ್ತಿ ಅಲ್ಲ" ಎಂದ ಗುಸ್ತೆಲ್. ಅವನ ಕೈ ತಲೆಯ ಮೇಲೆ ಇಲ್ಲದ ಟೋಪಿಯನ್ನು ಹುಡುಕಿತು. "ಅವತ್ತು ನಾನು ಕೋಟು ತೆಗೆದೆ."

"ಯಾವ ಕೋಟು?"

ಅವನು ಹೇಳಿದ. ಹುಲ್ಲು, ಹಲಗೆ, ಕೋಟು, ದೆಲಾವ್ಕೆ, ಎಲ್ಲ. ಎಂಜಿನಿಯರಮ್ಮ ನಗಬೇಕೋ ಕೂಗಬೇಕೋ ತಿಳಿಯದೆ ಸೀಳಿಗೆ ಬೆರಳು ಹಾಕಿದಳು. ಬೆರಳು ಅಂಟಿತು.

"ಇದೇನಿದು?"

"ಜೇನು. ಹಸಿದಿರ್ತಾವೆ ಅಂತ..."

ಬೇಲಿಯ ಆಚೆಯಿಂದ ಯೆರಾ ಕೇಳಿದಳು, "ಅಪ್ಪ ಕೊಟ್ಟ ಹುಳದ ಜೇನಾ, ಮಾವ?"

ಗುಸ್ತೆಲ್ "ಹೂಂ" ಎಂದ. ಅವಳು ಚೀಲ ಹೆಗಲಿಗೇರಿಸಿ ಮುಂದಿನ ಮನೆಗೆ ಅಂಚೆ ಕೊಡಲು ಹೋದಳು.

ಆ ಅಳತೆ ರದ್ದಾಯಿತು. ನಿಯಮದ ಪ್ರಕಾರ ಮುಂದಿನ ಚಳಿಗಾಲ ಮೊದಲಿನಿಂದ ಅಳೆಯಬೇಕಾಯಿತು. ಆ ಸಲ ಪೆಟ್ಟಿಗೆಯ ಸುತ್ತ ತಂತಿಬೇಲಿ, ಮುಂದೊಂದು ಹಲಗೆ: "ಇದರಲ್ಲಿ ಜೇನುಹುಳ ಇಲ್ಲ." ಶುದ್ಧ ಗಾಳಿಯ ಹಲಗೆಗೆ ಮೇಲಿನಿಂದ ಬಣ್ಣ ಬಳಿದು ಇಗ್ನಾತ್ಸ್ ಅವರೇ ಇದನ್ನು ಬರೆಸಿಕೊಟ್ಟರು, ಮರ ದಂಡವಾಗಬಾರದೆಂದು. ಲೆಕ್ಕ ಮಿತಿ ಮೀರಿ ಎಷ್ಟೋ ಮೇಲೆ ಹೋಯಿತು. ಚಕ್ಕೆಗೆ ಮಾಡು ಬಂತು, ಚಿಮಣಿಗೆ ಜರಡಿ ಬಂತು. ಈಗ ಹೊಗೆ ಕಂಡೂ ಕಾಣದ ಹಾಗೆ ಹೋಗುತ್ತದೆ. ಅದರ ಕೆಳಗಿನ ಮನೆಯಲ್ಲಿ ಕೆಮ್ಮುವವರು ಯಾರೂ ಇಲ್ಲ.

ಮಾತೆವ್ಜ್ ಸತ್ತ ವರ್ಷದ ಮೇ ತಿಂಗಳಲ್ಲಿ, ಮಳೆ ಬಾರದ ಒಂದು ಬೆಳಿಗ್ಗೆ, ಗುಸ್ತೆಲ್‌ನ ಗೂಡೊಂದು ಪಾಲಾಗಿ ಸೇಬಿನ ಕೊಂಬೆಗೆ ಜೋತುಬಿತ್ತು. ಅವನು ಅದನ್ನು ಹುಲ್ಲುಬುಟ್ಟಿಗೆ ಇಳಿಸಿಕೊಂಡು ಬಟ್ಟೆ ಕಟ್ಟಿ ಯೆರಾಳ ಹಿತ್ತಲಿಗೆ ಹೊತ್ತುಕೊಂಡು ಹೋದ.

"ನಿಮ್ಮಪ್ಪಂದು, ಯೆರಾ. ತಡ ಆಯ್ತು."

"ಅಲ್ಲಿಡಿ, ಮಾವ."

ಇಟ್ಟ. ಖಾಲಿ ಗೂಡಿಗೆ ಹಿಂಡನ್ನು ಸುರಿದ. ಹುಳಗಳು ಒಂದರ ಹಿಂದೊಂದು ಒಳಗೆ ನಡೆದವು. ಅವನು ಎದ್ದು ನಿಂತು, ಬಟ್ಟೆ ಮಡಚಿ, ಬಿಚ್ಚಿ, ಮತ್ತೆ ಮಡಚಿ, ಕಾದ. ಯೆರಾ ಒಗೆದ ಬಟ್ಟೆಗಳನ್ನು ತಂತಿಯ ಮೇಲೆ ಹರವಿ ಮುಗಿಸಿದಳು. ಒಂದು ಸಲ ಗೂಡಿನ ಕಡೆ ನೋಡಿದಳು.

"ಬೇರೆ ಏನಾದ್ರೂ ಇತ್ತಾ ಮಾವ?"

"ಇಲ್ಲ. ಏನಿಲ್ಲ."

ಅವಳು ಒಳಗೆ ಹೋದಳು. ಬೋಗ್ ಲೊನಾಯ್ ಎನ್ನಲಿಲ್ಲ.

ಮರುವರ್ಷ ಅವನು ಇನ್ನೊಂದು ಹಿಂಡು ಹೊತ್ತುಕೊಂಡು ಹೋದ. ಅದರ ಮರುವರ್ಷವೂ. ಅವಳು ಒಂದನ್ನೂ ಬೇಡವೆನ್ನಲಿಲ್ಲ. ಪ್ರತಿ ಸಲವೂ ಎಲ್ಲಿಡಬೇಕೆಂದು ಮರ್ಯಾದೆಯಿಂದ ತೋರಿಸುತ್ತಾಳೆ, ಬಾಯಾರಿಕೆಗೆ ಏನಾದರೂ ಕೊಡುತ್ತಾಳೆ, ಆ ಒಂದು ಮಾತನ್ನು ಬಿಟ್ಟು ಬೇರೆಲ್ಲ ಆಡುತ್ತಾಳೆ. ಕಣಿವೆಯಲ್ಲೇ ಹೆಚ್ಚು ಗೂಡುಗಳಿರುವುದು ಈಗ ಅವಳ ಹಿತ್ತಲಲ್ಲಿ. "ಹೀಗೇ ಹೊತ್ರೆ ನಮ್ಮಲ್ಲಿ ಒಂದೂ ಉಳಿಯಲ್ಲ ಕಣ್ರೀ" ಎಂದು ಯುಸ್ತಿನಾ ಗೊಣಗುತ್ತಾಳೆ. ಗುಸ್ತೆಲ್ ಕಿವಿಗೆ ಹಾಕಿಕೊಳ್ಳುವುದಿಲ್ಲ. ಏಪ್ರಿಲ್ ಮುಗಿಯುತ್ತ ಬಂದ ಹಾಗೆ ಉಳಿದ ಗೂಡುಗಳ ಮುಂದೆ ಬಗ್ಗಿ, ಕಿವಿ ಇಟ್ಟು, ಈ ಸಲ ಯಾವುದು ಪಾಲಾದೀತೆಂದು ಕೇಳುತ್ತ ನಿಲ್ಲುತ್ತಾನೆ.